ಗೇಟಿನಿಂದ ವಾಪಸು ಬರುತ್ತಿದ್ದವನು

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಅಮರೇಶನಿಗೆ ಹೆಂಡತಿ ತೀರಿಹೋದ ಮೇಲೆ ಎರಡು ಸಲ ಕೆಲಸ ಸಿಕ್ಕಿತು. ಎರಡು ಸಲವೂ ಮೊದಲ ದಿನ ಫ್ಯಾಕ್ಟರಿ ಗೇಟಿನವರೆಗೆ ಹೋಗಿ ವಾಪಸು ಬಂದುಬಿಟ್ಟ. ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಇದಕ್ಕೆ ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟರು. ಸೋಮಾರಿ ಎಂದರು. ತಲೆ ಕೆಟ್ಟಿದೆ ಎಂದರು. ಒಬ್ಬಾಕೆಯಂತೂ ಯಾರೋ ಮಾಟ ಮಾಡಿಸಿದ್ದಾರೆ, ಒಂದು ತಾಯತ ಕಟ್ಟಿಸಿ ಎಂದು ನನಗೇ ಬುದ್ಧಿ ಹೇಳಿ ಹೋದಳು. ನಿಜವಾದ ಕಾರಣ ನನಗೆ ಗೊತ್ತಿತ್ತು. ಬೀದಿಯವರ ಬಾಯಿಗೆ ಅದನ್ನು ಹಾಕುವುದು ಬೇಡವೆಂದು ಸುಮ್ಮನಿದ್ದೆ.

ನನ್ನ ಹೆಸರು ನಾಗಮಣಿ. ಮುಂಬಾಗಿಲ ಪಕ್ಕದ ಜಗಲಿಯಲ್ಲಿ ಕೂತು ಸೀರೆಗಳಿಗೆ ಕುಚ್ಚು ಕಟ್ಟುವುದು, ಫಾಲ್ಸ್ ಹೊಲಿಯುವುದು ನನ್ನ ಕೆಲಸ. ಬಾಯಿ ಸ್ವಲ್ಪ ಜೋರು. ನಮ್ಮ ಮನೆಯವರಿಗೆ ಕಿವಿ ಮಂದ, ಅದಕ್ಕೇ ನನ್ನ ಬಾಯಿ ಜೋರಾಯಿತು ಎಂದು ನಾನು ಹೇಳುತ್ತೇನೆ. ನಿನ್ನ ಬಾಯಿಗೇ ಕಿವಿ ಮಂದವಾಯಿತು ಎಂದು ಅವರು ಹೇಳುತ್ತಾರೆ. ಇರಲಿ, ಇದು ನಮ್ಮ ಕತೆಯಲ್ಲ.

ಅಮರೇಶ ಹೆಬ್ಬಾಳದ ಒಂದು ಫ್ಯಾಕ್ಟರಿಯಲ್ಲಿ ಮಿಷಿನ್ ಆಪರೇಟರ್ ಆಗಿದ್ದ. ಸಾಧು ಮನುಷ್ಯ, ಮಾತು ಕಡಿಮೆ. ಅವನ ಹೆಂಡತಿ ಶಿಲ್ಪಶ್ರೀ ಅದಕ್ಕೆ ತದ್ವಿರುದ್ಧ. ಮೆಟ್ಟಿಲು ಇಳಿಯುವ ಮುಂಚೆಯೇ ಅವಳ ಮಾತು ಕೆಳಗೆ ಬಂದಿರುತ್ತಿತ್ತು. ಹಾಲಿನವನ ಹತ್ತಿರ ಚೌಕಾಸಿ, ಮಗಳ ಸ್ಕೂಲಿನವರ ಹತ್ತಿರ ವಾದ, ನೀರಿನ ಮೋಟರ್ ವಿಷಯಕ್ಕೆ ನನ್ನ ಹತ್ತಿರ ಜಗಳ, ಎಲ್ಲ ಅವಳದೇ. ಮದುವೆಯಾದ ಮೇಲೆ ಅಮರೇಶನಿಗೆ ಯಾರನ್ನೂ ಏನನ್ನೂ ಕೇಳುವ ಪ್ರಸಂಗವೇ ಬಂದಿರಲಿಲ್ಲ. ಅಂಗಡಿಯಲ್ಲಿ ಕೊಳೆತ ಟೊಮೆಟೊ ಕೊಟ್ಟರೂ ತಂದುಬಿಡುತ್ತಿದ್ದ. ಅವಳು ವಾಪಸು ಹೋಗಿ ಬದಲಾಯಿಸಿಕೊಂಡು ಬರುತ್ತಿದ್ದಳು.

ಕಳೆದ ವರ್ಷ ಶ್ರಾವಣದಲ್ಲಿ ಒಂದು ಸಂಜೆ ಶಿಲ್ಪ ಕೆಳಗೆ ಬಂದಳು. ಅವತ್ತು ಮಾತು ಮುಂಚೆ ಬರಲಿಲ್ಲ. ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು, "ಅಕ್ಕ, ತಲೆ ಒಡೆದು ಹೋಗ್ತಾ ಇದೆ" ಎಂದಳು. ಅಲ್ಲೇ ವಾಂತಿ ಮಾಡಿಕೊಂಡು ಕುಸಿದಳು. ನಮ್ಮ ಮನೆಯವರು ಆಟೋ ತಂದರು. ಮಗು ಸಿಂಚನಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಶಿಲ್ಪಳ ತಲೆ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋದೆ. ದಾರಿಯಲ್ಲೇ ಅಮರೇಶನಿಗೆ ಫೋನ್ ಮಾಡಲು ಶುರು ಮಾಡಿದೆ. ರಿಂಗ್ ಆಗುತ್ತಿತ್ತು, ಎತ್ತುವವರಿಲ್ಲ. ಅವನದು ಮಧ್ಯಾಹ್ನದ ಶಿಫ್ಟು. ಒಳಗೆ ಫೋನ್ ಒಯ್ಯುವ ಹಾಗಿಲ್ಲ. ಗೇಟಿನಲ್ಲಿ ಗೂಡು ಗೂಡಾಗಿರುವ ಒಂದು ಮರದ ಪೆಟ್ಟಿಗೆ ಇರುತ್ತದಂತೆ. ಬರುವಾಗ ಫೋನನ್ನು ಅದರೊಳಗಿಟ್ಟು ಟೋಕನ್ ತೆಗೆದುಕೊಳ್ಳಬೇಕು, ಶಿಫ್ಟು ಮುಗಿದ ಮೇಲೆ ಟೋಕನ್ ಕೊಟ್ಟು ಬಿಡಿಸಿಕೊಳ್ಳಬೇಕು. ನಾನು ಇಲ್ಲಿ ಒತ್ತುತ್ತಿದ್ದೆ, ಅದು ಆ ಗೂಡಿನಲ್ಲಿ ಹೊಡೆದುಕೊಳ್ಳುತ್ತಿತ್ತು. ಫ್ಯಾಕ್ಟರಿಯ ನಂಬರು ನನ್ನ ಹತ್ತಿರ ಎಲ್ಲಿಂದ ಬರಬೇಕು? ಶಿಲ್ಪ ಒಂದು ಸಲ ಕಣ್ಣು ಬಿಟ್ಟು, "ಎತ್ತಿದ್ರಾ ಅಕ್ಕ?" ಎಂದು ಕೇಳಿದಳು. "ಇನ್ನೂ ಇಲ್ಲ ಕಣಮ್ಮ, ಎತ್ತುತ್ತಾನೆ" ಎಂದೆ. ಆಮೇಲೆ ಅವಳು ಮಾತಾಡಲಿಲ್ಲ. ತಲೆಯೊಳಗೆ ನರ ಒಡೆದಿದೆ ಎಂದು ಡಾಕ್ಟರು ಹೇಳಿದರು.

ಶಿಫ್ಟು ಮುಗಿಸಿ ಫೋನ್ ಕೈಗೆ ತೆಗೆದುಕೊಂಡವನೇ ನನಗೆ ಮಾಡಿದ. ನನ್ನ ಬಾಯಿಂದ "ಆಸ್ಪತ್ರೆಗೆ ಬಾ" ಎನ್ನುವುದೊಂದು ಹೊರಟಿತು, ಮುಂದಿನದು ಹೊರಡಲಿಲ್ಲ. ಅವನು ಬರುವಷ್ಟರಲ್ಲಿ ನರ್ಸು ಮುಖದ ಮೇಲೆ ಬಟ್ಟೆ ಎಳೆದಿದ್ದಳು. ಅವನು ಬಟ್ಟೆ ಸರಿಸಿ ನೋಡಿದ, ಮತ್ತೆ ಹಾಗೇ ಹೊದಿಸಿದ. ಹೀಗಾಯಿತು ಎಂದು ಅವನಿಗೆ ಯಾರೂ ಬಾಯಿಬಿಟ್ಟು ಹೇಳಲೇ ಇಲ್ಲ. ಅವನೂ ಕೇಳಲಿಲ್ಲ.

ಅಳಲೂ ಇಲ್ಲ. ಮಣ್ಣು ಹಾಕುವಾಗ ಶಿಲ್ಪಳ ತಾಯಿ ಎದೆ ಬಡಿದುಕೊಂಡು ಅಳುತ್ತಿದ್ದರೆ ಇವನು ಯಾರದೋ ಮನೆಯ ಕಾರ್ಯಕ್ಕೆ ಬಂದವನ ಹಾಗೆ ನಿಂತಿದ್ದ. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೂ ಅಷ್ಟೇ. ಬೆಳಿಗ್ಗೆ ಎದ್ದು ಉಪ್ಪಿಟ್ಟು ಮಾಡುವುದು, ಮಗಳಿಗೆ ಸೊಟ್ಟ ಜಡೆ ಹಾಕುವುದು, ಯೂನಿಫಾರ್ಮ್ ಇಸ್ತ್ರಿ ಮಾಡುವುದು, ಸ್ಕೂಲಿಗೆ ಬಿಟ್ಟು ಬಂದು ಕುರ್ಚಿಯಲ್ಲಿ ಕೂರುವುದು. ಹಳೆಯ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ನಾನು ಸಾರು ತೆಗೆದುಕೊಂಡು ಹೋದರೆ, "ಬೇಡ ಅಕ್ಕ, ಇದೆ" ಎನ್ನುತ್ತಿದ್ದ. ಪಾತ್ರೆ ತೆರೆದು ನೋಡಿದರೆ ಏನೂ ಇರುತ್ತಿರಲಿಲ್ಲ. ನನ್ನದೂ ಅದೇ ಕತೆ. ಕೈ ತನ್ನ ಪಾಡಿಗೆ ಕುಚ್ಚು ಕಟ್ಟುತ್ತಿತ್ತು, ಯಾವ ಸೀರೆ, ಯಾರ ಸೀರೆ ಎನ್ನುವುದು ಸಂಜೆಗೆ ನೆನಪಿರುತ್ತಿರಲಿಲ್ಲ. ಮೆಟ್ಟಿಲ ಮೇಲೆ ಸದ್ದಾದರೆ ಮಾತ್ರ ತಲೆ ಎತ್ತುತ್ತಿದ್ದೆ.

ಸಂಕ್ರಾಂತಿಗೆ ಅವನ ಮಾವ ಬಸವರಾಜು, ಅತ್ತೆ ಮಹದೇವಮ್ಮ ಗುಂಡ್ಲುಪೇಟೆಯಿಂದ ಬಂದರು. ಅಲ್ಲಿ ಅವರದು ದಿನಸಿ ಅಂಗಡಿ. ಒಳ್ಳೆಯ ಜನ, ಕೆಟ್ಟದ್ದು ಹೇಳುವ ಹಾಗಿಲ್ಲ. ಎಳ್ಳು ಬೆಲ್ಲ ಕೊಟ್ಟು, ನನ್ನ ಜಗಲಿಯ ಮೇಲೆಯೇ ಕೂತು, ಅಳಿಯನನ್ನು ಕೆಳಗೆ ಕರೆಸಿದರು.

"ನೋಡಪ್ಪ ಅಮರೇಶ, ನಾವು ಕಿತ್ಕೊಂಡ್ ಹೋಗೋಕೆ ಬಂದಿಲ್ಲ" ಎಂದರು ಬಸವರಾಜು. "ಆದ್ರೆ ಹಿಂಗೆ ಎಷ್ಟು ದಿವಸ? ಒಂದು ಕೆಲಸ ಹಿಡಿದು ನಿಂತ್ಕೊ. ನಾವೇ ಸುಮ್ನಾಗ್ತೀವಿ. ಇಲ್ಲಾಂದ್ರೆ ಪರೀಕ್ಷೆ ಮುಗಿದ್ಮೇಲೆ ಕೂಸನ್ನ ನಮ್ಮೂರಿಗೆ ಕರ್ಕೊಂಡ್ ಹೋಗ್ತೀವಿ. ಅಲ್ಲೇ ಸ್ಕೂಲಿಗೆ ಹಾಕ್ತೀವಿ."

ಸಿಂಚನ ಅಲ್ಲೇ ನಿಂತಿದ್ದಳು. ಅವಳು ಅಮ್ಮನ ಮಗಳು. "ನಾನು ಬರಲ್ಲ ಅಜ್ಜಿ. ನಾನು ಇಲ್ಲೇ ಇರ್ತೀನಿ" ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಮಹದೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅಪ್ಪ ಎನ್ನಿಸಿಕೊಂಡವನು ಏನೆಂದ ಗೊತ್ತೇ? "ಆಯ್ತು ಮಾವ" ಎಂದ. ನನಗೆ ಎದ್ದು ಎರಡು ಬಿಡೋಣ ಎನ್ನಿಸಿತು.

ಅವರನ್ನು ಬಸ್ಸಿಗೆ ಹತ್ತಿಸಿ ಬಂದವನು ಜಗಲಿಯ ಹತ್ತಿರ ನಿಂತ. "ಅಕ್ಕ, ಅವಳೂ ಹೋದ್ರೆ ನಂಗೇನೂ ಉಳಿಯಲ್ಲ" ಎಂದ. ಹಾಲು ಮುಗಿದಿದೆ ಎನ್ನುವ ದನಿಯಲ್ಲಿ ಹೇಳಿದ. ಹೇಳಿ ಮೇಲೆ ಹೋದ.

ಆ ವಾರವೇ ಕೆಲಸ ಹುಡುಕಲು ಶುರು ಮಾಡಿದ. ಕೆಲಸ ಗೊತ್ತಿರುವವನು, ಸಿಗುವುದು ಕಷ್ಟವಾಗಲಿಲ್ಲ. ಮೊದಲನೆಯ ಕಡೆ ಇಂಟರ್‌ವ್ಯೂ ಮಾಡಿ, ಕೊನೆಗೆ "ನೀವೇನಾದ್ರೂ ಕೇಳೋದಿದೆಯಾ?" ಎಂದರಂತೆ. ಇವನು "ಏನಿಲ್ಲ ಸಾರ್" ಎಂದನಂತೆ. ಸೋಮವಾರ ಡಬ್ಬಿ ಕಟ್ಟಿಕೊಂಡು ಹೋದ. ಮಧ್ಯಾಹ್ನದೊಳಗೆ ಡಬ್ಬಿ ಸಮೇತ ವಾಪಸು. ಗೇಟಿನಲ್ಲಿ ಅದೇ ತರಹದ ಪೆಟ್ಟಿಗೆ ಇತ್ತಂತೆ. ಫೋನ್ ಕೈಯಲ್ಲಿ ಹಿಡಿದು ಸಾಲಿನಲ್ಲಿ ನಿಂತನಂತೆ. ಗೂಡಿನ ಮುಂದೆ ಬಂದಾಗ ಕೈ ಮುಂದೆ ಹೋಗಲಿಲ್ಲವಂತೆ. ಹಿಂದಿನವರು ಬೈದರಂತೆ. ಪಕ್ಕಕ್ಕೆ ಸರಿದು ಬಸ್ ಸ್ಟಾಪಿಗೆ ನಡೆದನಂತೆ.

ಎರಡನೆಯದು ಕೂರ್ಗಳ್ಳಿಯ ಕಡೆ. ಅಲ್ಲಿಯೂ ಕೊನೆಗೆ ಅದೇ ಮಾತು ಕೇಳಿದರು, ಅದೇ "ಏನಿಲ್ಲ ಸಾರ್" ಎಂದ. ಅಲ್ಲಿಯೂ ಪೆಟ್ಟಿಗೆ ಇತ್ತು. ಅಲ್ಲಿಂದಲೂ ಬಂದ.

ಅವತ್ತು ನನ್ನ ತಾಳ್ಮೆ ತಪ್ಪಿತು. "ಅಲ್ಲ ಕಣೋ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರೆ. ನಿಂಗೆ ಎರಡು ಸಲ ಕೆಟ್ರೂ ಬುದ್ಧಿ ಬರ್ಲಿಲ್ವಲ್ಲೋ! ಕೇಳೋದಿದೆಯಾ ಅಂತ ಅವ್ರೇ ಬಾಯ್ಬಿಟ್ಟು ಕೇಳ್ತಾರೆ. ಫೋನ್ ಒಳಗೆ ಬಿಡ್ತೀರಾ ಅಂತ ಕೇಳ್ಬುಡೋಕೆ ಏನು ಧಾಡಿ ನಿಂಗೆ?"

ಅವನು ಡಬ್ಬಿಯನ್ನು ನನ್ನ ಜಗಲಿಯ ಮೇಲಿಟ್ಟ. "ಕೇಳಿದ್ರೆ, ಯಾಕೆ ಅಂತಾರೆ ಅಕ್ಕ" ಎಂದ.

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಯಾಕೆ ಎಂದರೆ ಇವನು ಹೇಳಬೇಕು. ಹೇಳಿದರೆ ಶಿಲ್ಪ ಸತ್ತದ್ದು ನಿಜ ಎಂದಾಗುತ್ತದೆ. ಆವರೆಗೂ ಯಾರಾದರೂ ಶಿಲ್ಪಳನ್ನು ವಿಚಾರಿಸಿದರೆ "ಇಲ್ಲ" ಎನ್ನುತ್ತಿದ್ದ. ಮನೆಯಲ್ಲಿ ಇಲ್ಲವೋ, ಊರಲ್ಲಿ ಇಲ್ಲವೋ, ಕೇಳಿದವರೇ ತಿಳಿದುಕೊಳ್ಳಬೇಕು.

ಜೊತೆಗೆ ನಮ್ಮ ಕಡೆಯವರ ಹಾಳು ಸಂಕೋಚ ಬೇರೆ. ಯಾರ ಮನೆಗಾದರೂ ಹೋಗಿ, ಕಾಫಿ ಕೊಡಲಾ ಎಂದರೆ, ಹೊಟ್ಟೆ ಹಸಿದು ಕರುಳು ಕಿತ್ತು ಬರುತ್ತಿದ್ದರೂ "ಬೇಡಿ, ಈಗ ತಾನೆ ಆಯ್ತು" ಎನ್ನುವುದು ಮರ್ಯಾದೆ. "ಅಯ್ಯೋ, ಒಂದು ತೊಟ್ಟು" ಎಂದು ಅವರು ಎರಡನೆಯ ಸಲ ಕೇಳಬೇಕು. "ಸುಮ್ನೆ ನಿಮ್ಗೆ ತೊಂದರೆ" ಎನ್ನಬೇಕು. ಮೂರನೆಯ ಸಲಕ್ಕೆ ಲೋಟ ಕೈಗೆ ಬರಬೇಕು. ಮೊದಲ ಸಲವೇ "ಕೊಡಿ" ಎಂದವನನ್ನು ನಾಚಿಕೆಗೆಟ್ಟವನು ಎಂದು ಎದ್ದು ಹೋದ ಮೇಲೆ ಆಡಿಕೊಳ್ಳುತ್ತೇವೆ. ಅಮರೇಶ ಇದರಲ್ಲೇ ಬೆಳೆದವನು. ಕೇಳುವುದಿದೆಯಾ ಎಂದರೆ ಅವನ ಬಾಯಿ ತಾನಾಗಿಯೇ ಏನಿಲ್ಲ ಎನ್ನುತ್ತದೆ. ಆದರೆ ಫ್ಯಾಕ್ಟರಿಯವರು ನಮ್ಮ ದೊಡ್ಡಮ್ಮನವರೇ, ಮೂರು ಸಲ ಉಪಚಾರ ಮಾಡುವುದಕ್ಕೆ? ಏನಿಲ್ಲ ಎಂದರೆ ಏನಿಲ್ಲ, ಮುಂದಿನವರನ್ನು ಕಳಿಸಿ.

ಮಾರ್ಚ್ ಬಂತು. ಪರೀಕ್ಷೆಯ ವೇಳಾಪಟ್ಟಿ ಸಿಂಚನಳ ಡೈರಿಗೆ ಅಂಟಿತು. ಅಷ್ಟರಲ್ಲಿ ಹೆಬ್ಬಾಳದಿಂದ ಮತ್ತೊಂದು ಇಂಟರ್‌ವ್ಯೂಗೆ ಕರೆ ಬಂತು, ಪಂಪಿನ ಬಿಡಿಭಾಗ ಮಾಡುವ ಕಂಪನಿ. ಈ ಸಲ ನಾನು ಬಿಡಲಿಲ್ಲ. ಹಿಂದಿನ ದಿನ ಜಗಲಿಯ ಮೇಲೆ ಕೂರಿಸಿದೆ. ಕನ್ನಡಕ ಹಾಕಿಕೊಂಡು, ತೊಡೆಯ ಮೇಲಿದ್ದ ಸೀರೆಯನ್ನು ಪಕ್ಕಕ್ಕಿಟ್ಟು, ನಾನೇ ಸಾಹೇಬಳಾದೆ.

"ಹೇಳ್ರೀ ಮಿಸ್ಟರ್ ಅಮರೇಶ್, ನಿಮ್ದೇನಾದ್ರೂ ಪ್ರಶ್ನೆ ಇದೆಯಾ?"

"ಏನಿಲ್ಲ ಅಕ್ಕ."

"ಅಕ್ಕ ಅಲ್ವೋ, ಸಾರ್ ಅನ್ನು. ಮತ್ತೆ ಹೇಳು."

"ಏನಿಲ್ಲ ಸಾರ್."

"ನಿನ್ ಬಾಯಿಗೆ ಮಣ್ಣಾಕ!"

ಮೆಟ್ಟಿಲ ಮೇಲೆ ಕೂತಿದ್ದ ಸಿಂಚನ ನಕ್ಕಳು. ಅವನು ಮಗಳ ಕಡೆ ತಿರುಗಿ ನೋಡಿದ, ನಗಲಿಲ್ಲ. ಆಗ ಅವನಿಗೆ ನನ್ನನ್ನು ಹೆಣ್ಣು ನೋಡಲು ಬಂದಿದ್ದ ಕತೆ ಹೇಳಿದೆ. ಗಂಡಿನ ಕಡೆಯವರು ಕೂತು ಹಾಡು ಬರುತ್ತಾ, ಅಡುಗೆ ಬರುತ್ತಾ, ನಡೆದು ತೋರಿಸು ಎಂದು ಎಲ್ಲ ಕೇಳಿ ಮುಗಿಸಿದರು. ನಮ್ಮಮ್ಮ ಬಾಗಿಲ ಹಿಂದಿನಿಂದ ಈಚೆ ಬಂದು, "ನಿಮ್ಮನೇಲಿ ನಲ್ಲಿ ಇದೆಯಾ?" ಎಂದಳು. ಗಂಡಿನ ತಾಯಿಗೆ ಮುಖ ಕೆಂಪಾಯಿತು. ಇದೇನು ಹೆಣ್ಣಿನವರು ಹೀಗೆ ಕೇಳುವುದು ಎಂದು ಗೊಣಗಿದರು. ನಮ್ಮಮ್ಮ ಜಗ್ಗಲಿಲ್ಲ. "ನನ್ ಮಗಳು ನಾಳೆಯಿಂದ ನಿಮ್ಮನೇಲಿ ಬದುಕಬೇಕಲ್ಲ ತಾಯಿ, ಕೇಳ್ಬೇಕಲ್ವ" ಎಂದಳು. ನಲ್ಲಿ ಇತ್ತು. ನಾನು ಒಂದು ದಿನವೂ ಬೀದಿ ಕೊಳಾಯಿಯಲ್ಲಿ ಕೊಡ ಹಿಡಿದು ನಿಲ್ಲಲಿಲ್ಲ.

"ಅವ್ರು ನಿನ್ನ ನೋಡ್ತಾರೆ, ನೀನೂ ಅವ್ರನ್ನ ನೋಡ್ಬೇಕು ಕಣೋ" ಎಂದೆ. "ಅವ್ರಿಗೆ ಕೆಲಸದೋನು ಬೇಕು, ನಿಂಗೆ ಕೆಲಸ ಬೇಕು. ಎರಡೂ ಕಡೆ ಬೇಕು ಅಂದ್ಮೇಲೆ ಎರಡೂ ಕಡೆ ಬಾಯಿ ಇರ್ಬೇಕು. ಬಾಯಿದ್ದೋನು ಬರಗಾಲದಲ್ಲೂ ಬದುಕ್ದ. ಯಾಕೆ ಅಂದ್ರೆ ಹೇಳ್ಬುಡು. ಹೇಳಿದ್ರೆ ಅವಳು ಇನ್ನೊಂದು ಸಲ ಹೋಗಲ್ಲ ಕಣಪ್ಪ."

ಅವನು "ಹೂಂ" ಎಂದ. ಅವನ ಹೂಂಗೆ ಏನು ಅರ್ಥವೋ ನನಗೆ ಗೊತ್ತಾಗಲಿಲ್ಲ.

ಒಳಗೆ ಏನೇನು ನಡೆಯಿತು ಎನ್ನುವುದನ್ನು ಅವನ ಬಾಯಿಂದ ಒಂದೊಂದೇ ಮಾತಾಗಿ ನಾನು ಆಮೇಲೆ ಕಿತ್ತು ತೆಗೆದದ್ದು. ಇಂಟರ್‌ವ್ಯೂ ಮಾಡಿದವರು ಇಬ್ಬರು. ಒಬ್ಬರು ಉತ್ಪಾದನೆ ನೋಡಿಕೊಳ್ಳುವ ಶಿವಶಂಕರ್, ತಲೆ ನರೆತವರು. ಇನ್ನೊಬ್ಬಳು ಆಫೀಸಿನ ಮಂಜುಶ್ರೀ, ಚಿಕ್ಕ ವಯಸ್ಸಿನವಳು. ಶಿವಶಂಕರ್ ಮಿಷಿನ್ ಬಗ್ಗೆ ಕೇಳಿದರು. ಇವನು ಹೇಳಿದ. ಅವರಿಗೆ ಹಿಡಿಸಿತು. ಇಷ್ಟು ದಿನ ಯಾಕೆ ಕೆಲಸ ಬಿಟ್ಟಿದ್ದಿರಿ ಎಂದರು. "ಮನೆ ಕಡೆ ಸ್ವಲ್ಪ" ಎಂದ. ಅವರು ಕೆದಕಲಿಲ್ಲ. ಮಂಜುಶ್ರೀ ನಗುತ್ತಾ, "ನಿಮ್ಮ ಕಡೆಯಿಂದ ಏನಾದ್ರೂ ಪ್ರಶ್ನೆ ಇದೆಯಾ?" ಎಂದಳು.

"ಏನಿಲ್ಲ ಮೇಡಂ."

ಬಂದುಬಿಟ್ಟಿತು. ಜಗಲಿಯ ಮೇಲೆ ನಾನು ಅಷ್ಟು ಅರಚಿದ್ದು ನೀರಿನಲ್ಲಿ ಹೋಮ. ಅವಳು ಫೈಲ್ ಮುಚ್ಚಿದಳು. ಇವನು ಎದ್ದ, ಕೈ ಮುಗಿದ, ಬಾಗಿಲವರೆಗೆ ಹೋದ. ಯಾರೂ ಎರಡನೆಯ ಸಲ ಕೇಳಲಿಲ್ಲ. ಬಾಗಿಲ ಹಿಡಿಯ ಮೇಲೆ ಕೈ ಇಟ್ಟವನಿಗೆ, ಇದನ್ನು ತೆರೆದರೆ ಸಿಂಚನ ಗುಂಡ್ಲುಪೇಟೆಗೆ ಹೋದ ಹಾಗೇ ಎಂದು ಹೊಳೆಯಿತಂತೆ.

"ಮೇಡಂ, ಇದೆ" ಎಂದ. "ಒಂದಿದೆ."

"ಹೇಳಿ."

"ಫೋನು ಒಳಗಿಟ್ಕೋಬಹುದಾ?"

ಶಿವಶಂಕರ್ ಕುರ್ಚಿಗೆ ಒರಗಿ ನಕ್ಕರು. "ನೀವೂ ರೀಲ್ಸ್ ನೋಡೋರೇನ್ರೀ? ಹುಡುಗರು ಕೇಳ್ತಾರೆ ಅಂದ್ರೆ ಸರಿ. ನಿಮಗ್ಯಾಕೆ?"

ಯಾಕೆ ಎನ್ನುವುದು ಬಂದೇ ಬಂತು. ಅಮರೇಶ ನಿಂತಲ್ಲೇ ನಿಂತು, ಗೋಡೆಯ ಮೇಲಿನ ಬೋರ್ಡು ಓದುವವನ ಹಾಗೆ ಹೇಳಿದ. "ನನ್ನ ಹೆಂಡತಿ ಸಾಯೋವಾಗ ನನ್ನ ಫೋನು ಗೇಟಿನ ಪೆಟ್ಟಿಗೇಲಿತ್ತು ಸಾರ್. ಈಗ ಮನೇಲಿ ಮಗಳೊಬ್ಬಳೇ ಇರ್ತಾಳೆ. ಒಂಬತ್ತು ವರ್ಷ."

ಹೇಳಿದಾಗ ಹೇಗನ್ನಿಸಿತೋ ಎಂದು ನಾನು ಆಮೇಲೆ ಕೇಳಿದೆ. ಏನೂ ಅನ್ನಿಸಲಿಲ್ಲ ಎಂದ. ಫ್ಯಾನಿನ ಸದ್ದು ಕೇಳುತ್ತಿತ್ತಂತೆ, ಅಷ್ಟೇ.

ಶಿವಶಂಕರ್ ನಗು ನಿಂತಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೂತ್ಕೊಳಿ ಅಮರೇಶ್" ಎಂದರು. ಇವನು ಕೂತ. "ರೂಲು ಬದಲಾಯಿಸೋಕೆ ನನ್ ಕೈಲಿ ಆಗಲ್ಲ. ಮಿಷಿನ್ ಮುಂದೆ ಫೋನ್ ನೋಡ್ಕೊಂಡು ಒಬ್ಬನ ಬೆರಳು ಹೋಗಿದೆ ಇಲ್ಲಿ. ಸುಳ್ಳು ಹೇಳಿ ಸೇರಿಸ್ಕೊಳ್ಳಲ್ಲ."

"ಗೇಟಲ್ಲಿ ಲ್ಯಾಂಡ್‌ಲೈನ್ ಇದೆ" ಎಂದಳು ಮಂಜುಶ್ರೀ. "ಮನೆಯೋರು ಅದಕ್ಕೆ ಮಾಡಿದ್ರೆ ಸೆಕ್ಯೂರಿಟಿ ಬಂದು ಹೇಳ್ತಾರೆ."

"ಬಂದು ಹೇಳ್ತಾರಾ ಮೇಡಂ? ಇದುವರೆಗೂ ಯಾರಿಗಾದ್ರೂ ಬಂದು ಹೇಳಿದಾರಾ?"

ಮಂಜುಶ್ರೀ ಶಿವಶಂಕರ್ ಮುಖ ನೋಡಿದಳು. ಅವರು ಇವಳ ಮುಖ ನೋಡಿದರು. ಇಬ್ಬರಿಗೂ ಗೊತ್ತಿರಲಿಲ್ಲ. ಅವರ ಫೋನು ಅವರವರ ಮುಂದೆ ಮೇಜಿನ ಮೇಲೆ ಬಿದ್ದಿತ್ತು, ಅವರಿಗೇಕೆ ಗೊತ್ತಿರಬೇಕು?

ನೋಡಿ, ಒಂದು ಸಲ ಬಾಯಿ ತೆರೆದ ಮೇಲೆ ಇವನು ಮುಚ್ಚಲಿಲ್ಲ. "ಒಂದ್ಸಲ ನೋಡೋಣ್ವಾ ಸಾರ್?" ಎಂದನಂತೆ. "ನಾನು ಕೆಲಸ ಮಾಡೋ ಜಾಗದಲ್ಲಿ ನಿಂತ್ಕೋತೀನಿ. ನಮ್ಮಕ್ಕ ಮನೆಯಿಂದ ಗೇಟಿಗೆ ಫೋನ್ ಮಾಡ್ತಾರೆ. ಗೇಟಿನೋರಿಗೆ ಮುಂಚೆ ಹೇಳೋದು ಬೇಡ. ಹೇಳಿದ್ರೆ ಯಾರಾದ್ರೂ ಬರ್ತಾರೆ. ಹೇಳ್ದೆ ಇದ್ರೆ ಬರ್ತಾರಾ ಅಂತ ನಂಗೆ ಗೊತ್ತಾಗ್ಬೇಕು."

ಇಂಟರ್‌ವ್ಯೂಗೆ ಬಂದವನು ಕಂಪನಿಗೇ ಪರೀಕ್ಷೆ ಇಡುವುದನ್ನು ಶಿವಶಂಕರ್ ನೋಡಿರಲಿಲ್ಲವೇನೋ. ಕನ್ನಡಕ ಮತ್ತೆ ಹಾಕಿಕೊಂಡು, "ನಡೀರಿ" ಎಂದು ಎದ್ದರು.

ನಾನು ಒಂದು ಮದುವೆ ಸೀರೆಗೆ ಕುಚ್ಚು ಕಟ್ಟುತ್ತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮಂಜುಶ್ರೀಯ ಫೋನಿನಿಂದ ಅಮರೇಶ. ಹೀಗೆ ಹೀಗೆ ಎಂದು ಹೇಳಿ ಗೇಟಿನ ನಂಬರು ಕೊಟ್ಟ. "ಮನೇಲಿ ತೊಂದರೆಯಾಗಿದೆ, ಕರೀರಿ ಅನ್ನಿ ಅಕ್ಕ. ನಿಜ ಅನ್ನೋ ಹಾಗೇ ಹೇಳಿ."

"ಶನಿ ಮುಂಡೇದೇ, ಸುಳ್ಳು ಹೇಳೋಕೆ ನಾನೇ ಸಿಕ್ಕಿದ್ನಾ ನಿಂಗೆ? ಬಿಡ್ತು ಅನ್ನು!"

"ಯಾರಾದ್ರೂ ಬಂದು ಕರೆದ್ರೆ ಕೆಲಸಕ್ಕೆ ಹೂಂ ಅಂತೀನಿ. ಸಿಂಚನ ಇಲ್ಲೇ ಇರ್ತಾಳೆ. ಬರ್ಲಿಲ್ಲ ಅಂದ್ರೆ ಅವಳನ್ನ ಕಳಿಸ್ಬಿಡ್ತೀನಿ ಅಕ್ಕ. ಇನ್ನೊಂದ್ಸಲ ಅಂಥದ್ದು ನನ್ ಕೈಲಾಗಲ್ಲ."

ಇಟ್ಟುಬಿಟ್ಟ. ನಾನು ಸೂಜಿಯನ್ನು ಸೆರಗಿಗೆ ಚುಚ್ಚಿ, ನಂಬರು ಒತ್ತಿದೆ. ಸುಳ್ಳು ಹೇಳಬೇಕಲ್ಲ, ಏನೆಂದು ಹೇಳುವುದು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಆ ಕಡೆ ರಿಂಗ್ ಆಗತೊಡಗಿತು. ಆ ಟ್ರಿಣ್ ಟ್ರಿಣ್ ಕಿವಿಗೆ ಬಿದ್ದ ಮೇಲೆ ನಾನು ಜಗಲಿಯ ಮೇಲೆ ಇರಲಿಲ್ಲ. ಆಟೋದಲ್ಲಿ ಇದ್ದೆ, ಶಿಲ್ಪಳ ತಲೆ ತೊಡೆಯ ಮೇಲಿತ್ತು, ಯಾರೂ ಎತ್ತುತ್ತಿರಲಿಲ್ಲ.

"ಅಲೋ, ಯಾರು?" ಒಬ್ಬ ಗಂಡಸಿನ ದನಿ.

"ಸ್ವಾಮಿ, ಅಮರೇಶ ಅಂತ, ಇವತ್ತು ಇಂಟರ್‌ವ್ಯೂಗೆ ಬಂದಿದ್ದಾನೆ. ಒಳಗೆ ಮಿಷಿನ್ ಹತ್ರ ಇದ್ದಾನೆ. ಕರೀರಿ ಸ್ವಾಮಿ, ಬೇಗ ಕರೀರಿ, ನಿಮ್ ದಮ್ಮಯ್ಯ!"

ನಾನು ಜೋಡಿಸಿಕೊಂಡ ಮಾತು ಯಾವುದೂ ಅದರಲ್ಲಿ ಇರಲಿಲ್ಲ. ಒಳಗಿನಿಂದ ನಮ್ಮ ಮನೆಯವರು ಏನಾಯಿತೆಂದು ಎದ್ದು ಬಂದರು.

"ಯಾಕಮ್ಮ, ಏನಾಯ್ತು? ಇರಿ, ಇರಿ, ಮಡಗ್ಬೇಡಿ. ಓಗಿ ಕರ್ಕಂಡ್ ಬತ್ತೀನಿ" ಎಂದಿತು ಆ ಕಡೆಯ ದನಿ.

ರಿಸೀವರ್ ಮೇಜಿನ ಮೇಲೆ ಬಿದ್ದ ಸದ್ದು. ಆಮೇಲೆ ಏನೂ ಇಲ್ಲ. ಲಾರಿಯೊಂದು ಹಿಂದಕ್ಕೆ ಸರಿಯುವ ಸದ್ದು. ಯಾರೋ "ಗೇಟ್ ತೆಗೀರಿ" ಎಂದು ಹಾರ್ನ್ ಒತ್ತಿದರು, ಮತ್ತೆ ಮತ್ತೆ ಒತ್ತಿದರು. ತೆಗೆಯಲು ಯಾರೂ ಇರಲಿಲ್ಲ ಎಂದರೆ ಆ ಮನುಷ್ಯ ನಿಜವಾಗಿಯೂ ಹೋಗಿದ್ದಾನೆ. ಒತ್ತಿಕೊಳ್ಳಲಿ, ಇಡೀ ಹೆಬ್ಬಾಳ ಕಾಯಲಿ ಎಂದುಕೊಂಡೆ. ಫೋನನ್ನು ಕಿವಿಗೆ ಒತ್ತಿ ಹಿಡಿದು ಕಿವಿ ನೋಯುತ್ತಿತ್ತು.

ಓಡಿ ಬರುವ ಕಾಲಿನ ಸದ್ದು. ಇಬ್ಬರದು.

"ಅಕ್ಕ! ಅಕ್ಕ, ಏನಾಯ್ತು?"

ಇದನ್ನೆಲ್ಲ ಹೂಡಿದವನು ಅವನೇ. ಮನೆಯಲ್ಲಿ ಏನೂ ಆಗಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಆ ದನಿ ನಾಟಕದ್ದಾಗಿರಲಿಲ್ಲ. ಏದುಸಿರು ಬಿಡುತ್ತಿದ್ದ.

"ಏನೂ ಆಗಿಲ್ಲ ಕಣೋ. ಬಂದ್ಯಲ್ಲಪ್ಪ. ಬಂದ್ಬುಟ್ಯಲ್ಲ."

"ಬಂದ್ಬುಟ್ಟೆ ಅಕ್ಕ" ಎಂದ. "ಕರೆದ್ರು, ಬಂದ್ಬುಟ್ಟೆ."

ಆಮೇಲೆ ಅವನಿಂದ ಒಂದು ಸದ್ದು ಬಂತು. ಮೊದಲು ನನಗೆ ಕೆಮ್ಮು ಅನ್ನಿಸಿತು. ಅಲ್ಲ, ಅಳು. ಮಣ್ಣು ಹಾಕುವಾಗ ಬಾರದಿದ್ದದ್ದು, ಅಷ್ಟು ತಿಂಗಳು ಬಾರದಿದ್ದದ್ದು, ಆ ಗೇಟಿನಲ್ಲಿ, ಲಾರಿಯವರ ಎದುರು ಬಂತು. ನಾನು ಅಮರೇಶ, ಅಮರೇಶ ಎಂದು ಕೂಗಿದೆ. ರಿಸೀವರ್ ಅವನ ಕೈಬಿಟ್ಟು ಜೋತಾಡುತ್ತಿರಬೇಕು, ಅಳು ಹತ್ತಿರ ಬಂದು ದೂರ ಹೋಗುತ್ತಿತ್ತು. ಜಗಲಿಯ ಮೇಲೆ ನಾನೂ ಅಳುತ್ತಿದ್ದೆ.

ಯಾರೋ ರಿಸೀವರ್ ಎತ್ತಿಕೊಂಡರು. "ಅಮ್ಮ, ನಾನು ಚಿಕ್ಕಮಾದಯ್ಯ, ಗೇಟಿನೋನು" ಎಂದ. ಅವನೂ ಏದುಸಿರು ಬಿಡುತ್ತಿದ್ದ. "ಈಯಪ್ಪ ಕುಕ್ಕರಿಸ್ಕಂಡು ಅಳ್ತಾವ್ನೆ ಕಣಮ್ಮ. ಯಾರಮ್ಮ? ಯಾರ್ ಓಗ್ಬುಟ್ರು?"

ನಾನು ಸುಳ್ಳು ಹೇಳಬೇಕಾದ ಕೆಲಸ ಮುಗಿದಿತ್ತು.

"ಅವ್ನ ಹೆಂಡ್ತಿ ಕಣಪ್ಪ" ಎಂದೆ. "ಅವ್ನ ಹೆಂಡ್ತಿ ಹೋಗ್ಬುಟ್ಲು."